ದಕ್ಷತೆಯ ಲೆಕ್ಕ ಯಾರ ಖಾತೆಗೆ?

ಬೆಂಗಳೂರಿನ ಪೀಣ್ಯದಲ್ಲಾಗಲಿ ಮೈಸೂರು ರಸ್ತೆಯಲ್ಲಾಗಲಿ ಬೊಮ್ಮನಹಳ್ಳಿಯಲ್ಲಾಗಲಿ ಇರುವ ಯಾವುದಾದರೊಂದು ಗಾರ್ಮೆಂಟ್ಸ್ ಕಾರ್ಖಾನೆಯನ್ನು ಹೊಕ್ಕು ನೋಡಿದರೆ, ಹೊಲಿಗೆಯ ಯಂತ್ರಗಳ ಒಂದೊಂದು ಲೈನಿಗೂ ಒಂದೊಂದು ಬೋರ್ಡು ತಗುಲಿಹಾಕಿರುವುದು ಕಾಣುತ್ತದೆ. ಆಗಬೇಕಾಗಿದ್ದ ಪೀಸುಗಳೆಷ್ಟು, ಆದವೆಷ್ಟು ಎಂಬ ಎರಡು ಅಂಕಿಗಳು ಗಂಟೆಗೊಮ್ಮೆ ಅದರ ಮೇಲೆ ಏರುತ್ತವೆ. ಎರಡರ ಅನುಪಾತಕ್ಕೆ ಅಲ್ಲಿಯವರ ಮಾತಿನಲ್ಲಿ ಎಫಿಷಿಯೆನ್ಸಿ ಎಂದು ಹೆಸರು. ಈ ಗಣಿತಕ್ಕೆ ತಳಹದಿಯಾಗಿರುವುದು ಸ್ಯಾಮ್ ಎಂಬ ಮಾನ, ಎಂದರೆ ಇಂಥ ಹೊಲಿಗೆಗೆ ಇಷ್ಟು ನಿಮಿಷ ಸಾಕೆಂದು ಇಂಡಸ್ಟ್ರಿಯಲ್ ಎಂಜಿನಿಯರು ಮುಂಗಡವಾಗಿಯೇ ಗೊತ್ತುಮಾಡಿಟ್ಟಿರುವ ಕಾಲ. ಕಫ್ ಕೂಡಿಸುವುದಕ್ಕೆ 0.6 ನಿಮಿಷವೆಂದು ನಿಶ್ಚಯವಾಗಿದ್ದರೆ ಗಂಟೆಗೆ 100 ಕಫ್ ಆಗತಕ್ಕದ್ದು. 65 ಆದರೆ ಹೊಲಿದ ಹೆಂಗಸಿನ ದಕ್ಷತೆ ಶೇಕಡಾ 65. ಇದಕ್ಕಿಂತ ಸರಳವಾದ, ಮೇಲುನೋಟಕ್ಕೆ ಇದಕ್ಕಿಂತ ನಿಷ್ಪಕ್ಷಪಾತವಾದ ಲೆಕ್ಕ ಇನ್ನೊಂದಿರಲಾರದು.

ಅಳತೆಯೇ ಅನ್ಯಾಯವೆಂದು ವಾದಿಸುವವರ ಪಂಕ್ತಿಯಲ್ಲಿ ನಾನು ಕುಳಿತುಕೊಳ್ಳಲಾರೆ. ಅಳತೆಯಿಲ್ಲದ ಕಡೆ ಮೇಲಧಿಕಾರಿಯ ರಾಗದ್ವೇಷಗಳೇ ಅಳತೆಗೋಲಾಗಿ, ಕೆಲಸ ಬಲ್ಲವಳಿಗಿಂತ ಕೈಮುಗಿಯಬಲ್ಲವಳು ಮುಂದಾಗುತ್ತಾಳೆ. ನನ್ನ ತಕರಾರು ಇರುವುದು ಅಳೆದು ಬಂದ ಅಂಕಿಯನ್ನು ಯಾರ ಖಾತೆಗೆ ಬರೆಯುತ್ತಾರೆ, ಅದು ಏರಿದಾಗ ಬಂದ ಲಾಭವನ್ನು ಯಾರ ಖಾತೆಗೆ ಬರೆಯುತ್ತಾರೆ ಎಂಬಲ್ಲಿ.

ಈ ಅಳತೆಯ ವಿದ್ಯೆಯ ಮೂಲಪುರುಷನೆನಿಸಿದ ಫ್ರೆಡರಿಕ್ ಟೇಲರನು 1880ರ ದಶಕದಲ್ಲಿ ಫಿಲಡೆಲ್ಫಿಯದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ ಸ್ಟಾಪ್‌ವಾಚು ಹಿಡಿದು, ಕೆಲಸವನ್ನು ತುಣುಕು ತುಣುಕಾಗಿ ಒಡೆದು ಅಳೆಯತೊಡಗಿದವನು. 1911ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು, ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ದಿನಕ್ಕೆ ಹನ್ನೆರಡೂವರೆ ಟನ್ನು ಕಬ್ಬಿಣ ಹೊರುತ್ತಿದ್ದ ಆಳು ತನ್ನ ಪದ್ಧತಿಯಿಂದ ನಲವತ್ತೇಳೂವರೆ ಟನ್ನು ಹೊತ್ತನೆಂದೂ, ಅವನ ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತೆಂದೂ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಹೊರೆ ಹೆಚ್ಚುಕಡಮೆ ನಾಲ್ಮಡಿಯಾಯಿತು, ಕೂಲಿ ಶೇಕಡಾ 60ರಷ್ಟು ಏರಿತು. ಈ ಹಂಚಿಕೆಯ ನ್ಯಾಯಾನ್ಯಾಯ ಹಾಗಿರಲಿ. ಆ ಗ್ರಂಥ ಬಂದ ವರ್ಷದ ಆಗಸ್ಟಿನಲ್ಲಿ ಅಮೆರಿಕದ ವಾಟರ್‌ಟೌನ್ ಆಯುಧಾಗಾರದ ಎರಕದ ಕೆಲಸಗಾರರು ಸ್ಟಾಪ್‌ವಾಚನ್ನು ವಿರೋಧಿಸಿ ಕೆಲಸ ಬಿಟ್ಟು ಹೊರನಡೆದದ್ದೂ ಹಾಗಿರಲಿ. ಕಾರ್ಮಿಕ ಲೋಕವು ಇಂದಿಗೂ ಶಪಿಸುವ ಟೇಲರನೂ ಸಹ ಹೆಚ್ಚಿದ ಕೆಲಸಕ್ಕೆ ಹೆಚ್ಚಿದ ಕೂಲಿ ಸಲ್ಲಬೇಕೆಂಬುದನ್ನು ತನ್ನ ಶಾಸ್ತ್ರದ ಅಂಗವೆಂದೇ ಭಾವಿಸಿದ್ದನೆಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಈಗ ಬೋರ್ಡಿನ ಮೇಲಿನ 65ಕ್ಕೆ ಹಿಂದಿರುಗೋಣ. ಕಟಿಂಗ್ ವಿಭಾಗದಿಂದ ಬಂಡಲು ತಡವಾಗಿ ಬಂದಿರಬಹುದು. ಯಂತ್ರ ಕೆಟ್ಟು, ಮೆಕ್ಯಾನಿಕ್ ಬರುವವರೆಗೆ ಟೈಲರಮ್ಮ ಕೈಕಟ್ಟಿ ಕುಳಿತಿರಬಹುದು. ನಿನ್ನೆಯವರೆಗೆ ಅಂಗಿ ಹೊಲಿಯುತ್ತಿದ್ದ ಲೈನಿಗೆ ಈ ಬೆಳಗ್ಗೆ ಹೊಸ ಸ್ಟೈಲು ಬಂದು, ಕೈಗಳು ಅದಕ್ಕೆ ಇನ್ನೂ ಒಗ್ಗದಿರಬಹುದು. ಪಕ್ಕದ ಯಂತ್ರದವಳು ಮಗುವಿಗೆ ಜ್ವರವೆಂದು ರಜೆ ಹಾಕಿದ್ದು, ಅವಳ ಕೆಲಸವೂ ಇವಳ ಮೇಲೆ ಬಿದ್ದಿರಬಹುದು. ಇವುಗಳಲ್ಲಿ ಒಂದೂ ಆಕೆಯ ಕೈಚಳಕಕ್ಕೆ ಸಂಬಂಧಿಸಿದ್ದಲ್ಲ. ಆದರೂ ಸೂಪರ್‌ವೈಸರನ ಬೈಗುಳ ಬೀಳುವುದು ಆಕೆಯ ಮೇಲೆ, ಏಕೆಂದರೆ ಅವನನ್ನು ಬೈಯುವವರು ಅವನ ಹಿಂದೆಯೇ ನಿಂತಿರುತ್ತಾರೆ.

ದಕ್ಷತೆಯು ಕೈಯಲ್ಲಿರುವಷ್ಟೇ ಕೋಣೆಯಲ್ಲಿಯೂ ಇದೆ ಎಂಬುದಕ್ಕೆ ಬೆಂಗಳೂರಿನಲ್ಲಿಯೇ ಪುರಾವೆ ದೊರೆತಿದೆ. ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಗಳ ದಿನದಿನದ ಲೆಕ್ಕಗಳನ್ನು ಹಿಡಿದು ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ ನೈಷಧಂ ಎಂಬ ಅರ್ಥಶಾಸ್ತ್ರಜ್ಞರು ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವಿದ್ಯುತ್ತಿನ ಉಳಿತಾಯಕ್ಕೆಂದು ಫ್ಲೋರೊಸೆಂಟ್ ದೀಪಗಳ ಸ್ಥಾನದಲ್ಲಿ ಎಲ್‌ಇಡಿ ದೀಪಗಳನ್ನು ಹಾಕಿದ ಮೇಲೆ, ಅವು ಕಾರುವ ಶಾಖ ಕಡಮೆಯಾದ ಕಾರಣ, ಸೆಕೆಯ ದಿನಗಳಲ್ಲಿ ತಪ್ಪದೆ ಕುಸಿಯುತ್ತಿದ್ದ ಉತ್ಪಾದನೆಯ ಇಳಿತವು ಬಹುಮಟ್ಟಿಗೆ ನಿಂತುಹೋದದ್ದು ಕಂಡುಬಂತು. ದೀಪ ಬದಲಾಗಿತ್ತೇ ಹೊರತು ಹೊಲಿಯುವವರು ಬದಲಾಗಿರಲಿಲ್ಲ. ಹಾಗಾದರೆ ಅದಕ್ಕೆ ಮುಂಚಿನ ಬೇಸಗೆಗಳಲ್ಲಿ ಟಾರ್ಗೆಟ್ ಮುಟ್ಟಲಿಲ್ಲವೆಂದು ಬೈಸಿಕೊಂಡವರು ತೆತ್ತದ್ದು ಯಾರ ತಪ್ಪಿನ ದಂಡವನ್ನು? (1924ರಲ್ಲಿ ಶಿಕಾಗೋ ಸಮೀಪದ ಹಾಥಾರ್ನ್ ಕಾರ್ಖಾನೆಯಲ್ಲಿ ಆರಂಭವಾದ ಬೆಳಕಿನ ಪ್ರಯೋಗದಲ್ಲಿ ದೀಪ ಏರಿಸಿದರೂ ಇಳಿಸಿದರೂ ಉತ್ಪಾದನೆ ಏರಿತೆಂಬ ಕಥೆಯನ್ನು ಮ್ಯಾನೇಜ್‌ಮೆಂಟ್ ಪಾಠಶಾಲೆಗಳಲ್ಲಿ ಇಂದಿಗೂ ಭಕ್ತಿಯಿಂದ ಹೇಳುತ್ತಾರೆ, ಅಲ್ಲಿನ ಹಳೆಯ ಅಂಕಿಗಳನ್ನು ಹುಡುಕಿ ತೆಗೆದು 2011ರಲ್ಲಿ ಮರುಪರಿಶೀಲಿಸಿದ ಲೆವಿಟ್ ಮತ್ತು ಲಿಸ್ಟ್ ಎಂಬವರಿಗೆ ಆ ಕಥೆಯ ಚಮತ್ಕಾರಕ್ಕೆ ಅಂಕಿಗಳಲ್ಲಿ ಆಧಾರ ಸಿಕ್ಕಲಿಲ್ಲ. ನಮ್ಮ ಊರಿನ ಕಥೆ ಅದಕ್ಕಿಂತ ಗಟ್ಟಿಯಾದದ್ದು, ಆದರೆ ಅದನ್ನು ಹೇಳುವವರು ಕಡಮೆ.)

ವ್ಯವಸ್ಥೆಯನ್ನು ತಿದ್ದಿದರೆ ಅಂಕಿ ತಾನಾಗಿ ತಿದ್ದಿಕೊಳ್ಳುತ್ತದೆಂಬುದು ಭಾರತಕ್ಕೆ ಹೊಸ ಪಾಠವೇನೂ ಅಲ್ಲ. 1953ರಲ್ಲಿ ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿಗೆ ಬಂದ, ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಎಂಬವರು ಅಲ್ಲಿ ಕಂಡದ್ದೇನೆಂದರೆ, ಹೊಸದಾಗಿ ತಂದ ಸ್ವಯಂಚಾಲಿತ ಮಗ್ಗಗಳ ಮೇಲೆ ಶಾಸ್ತ್ರೀಯವಾಗಿ ಅಳೆದು, ಒಬ್ಬೊಬ್ಬ ಕೆಲಸಗಾರನಿಗೆ ಒಂದೊಂದು ತುಣುಕು ಕೆಲಸವನ್ನು ಹಂಚಿದ್ದರೂ ನಿರೀಕ್ಷಿಸಿದ ಇಳುವರಿ ಬಂದಿರಲಿಲ್ಲ; ಯಾರು ಯಾರ ಮಾತನ್ನು ಕೇಳಬೇಕೆಂಬುದೇ ಅಲ್ಲಿ ಗೋಜಲಾಗಿತ್ತು. ಒಂದಷ್ಟು ಮಗ್ಗಗಳ ಸಂಪೂರ್ಣ ಹೊಣೆಯನ್ನು ಒಂದು ಗುಂಪಿಗೇ ವಹಿಸಬಹುದಲ್ಲವೆ ಎಂದು ಅವರು ಸೂಚಿಸಿದಾಗ, ಕೆಲಸಗಾರರು ಆ ಸೂಚನೆಯನ್ನು ತಾವಾಗಿ ಎತ್ತಿಕೊಂಡು, ಗುಂಪುಗಳನ್ನು ತಾವೇ ರಚಿಸಿಕೊಂಡರು. ಬಟ್ಟೆಯ ಉತ್ಪತ್ತಿ ಏರಿತು, ಕೆಟ್ಟ ಬಟ್ಟೆಯ ಪ್ರಮಾಣ ಇಳಿಯಿತು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಅಧ್ಯಯನ. ಅದೂ ಬೆಂಗಳೂರಿನದೇ, ಅದೇ ಮೂವರು ವಿದ್ವಾಂಸರದೇ. ಐದು ಕಾರ್ಖಾನೆಗಳಲ್ಲಿ ಕೆಲಸಗಾರ್ತಿಯರನ್ನು ಚೀಟಿ ಎತ್ತಿದಂತೆ ಆರಿಸಿ, ಕೆಲವರಿಗೆ ಮಾತುಕತೆಯ ಕೌಶಲ, ಕಾಲದ ಸದುಪಯೋಗ, ಹಣಕಾಸಿನ ತಿಳಿವಳಿಕೆ ಮುಂತಾದವನ್ನು ಕಲಿಸಲಾಯಿತು. ಕಲಿತವರ ಉತ್ಪಾದಕತೆ ಕಲಿಯದವರಿಗಿಂತ ಗಣನೀಯವಾಗಿ ಹೆಚ್ಚಿತು; ತರಬೇತಿ ಮುಗಿದ ಎಂಟು ತಿಂಗಳಲ್ಲಿ ಕಂಪನಿಗೆ ಅದರ ವೆಚ್ಚದ ಮೇಲೆ ಶೇಕಡಾ 250ಕ್ಕೂ ಮಿಕ್ಕ ನಿವ್ವಳ ಲಾಭ ಬಂತು. ಆ ಹೆಂಗಸರ ಕೂಲಿ ಏರಿದ್ದು ಶೇಕಡಾ 0.5. ಕಲಿತವರು ಕೆಲಸ ಬಿಟ್ಟು ಬೇರೆಡೆಗೆ ಹೋಗುತ್ತಾರೆಂದು ಮಾಲೀಕರು ಹೇಳುವ ಭಯವೂ ಇಲ್ಲಿ ನಿಜವಾಗಲಿಲ್ಲ. ಕಲಿತವರು ಕಲಿಯದವರಿಗಿಂತ ಹೆಚ್ಚಾಗಿ ಬಿಟ್ಟುಹೋಗಲಿಲ್ಲ.

ವಿದೇಶದ ಖರೀದಿದಾರರು ಪೀಸಿನ ಬೆಲೆಯನ್ನು ವರ್ಷವರ್ಷವೂ ಹಿಂಡುತ್ತಾರೆಂದೂ, ಬಾಂಗ್ಲಾದೇಶದ ಸ್ಪರ್ಧೆಯೆದುರು ಕೂಲಿ ಏರಿಸಿದರೆ ಕಾರ್ಖಾನೆಗೆ ಬೀಗ ಹಾಕಬೇಕಾದೀತೆಂದೂ ಮಾಲೀಕರು ಹೇಳುವುದುಂಟು, ಅದರಲ್ಲಿ ಹುರುಳೂ ಉಂಟು. ಆದರೆ ಆ ವಾದ ಒಪ್ಪುವುದು ಕೂಲಿ ಏರಿದರೂ ಕೆಲಸ ಏರದಿರುವ ಸಂದರ್ಭಕ್ಕೆ. ಕೆಲಸ ಏರಿದ್ದನ್ನು ತಮ್ಮದೇ ಬೋರ್ಡಿನ ಮೇಲೆ ತಾವೇ ಬರೆದುಕೊಂಡವರು ಅದೇ ವಾದವನ್ನು ಮುಂದಿಡುವುದು ಸಲ್ಲದು. 2020ರ ಏಪ್ರಿಲಿನಿಂದ ಸಲ್ಲಬೇಕಾಗಿದ್ದ, ತಿಂಗಳಿಗೆ 417 ರೂಪಾಯಿ ಚಿಲ್ಲರೆಯಷ್ಟಿದ್ದ ತುಟ್ಟಿಭತ್ಯವನ್ನು ನಮ್ಮ ರಾಜ್ಯದ ಅನೇಕ ಗಾರ್ಮೆಂಟ್ಸ್ ಮಾಲೀಕರು ವರ್ಷಕ್ಕೂ ಮೀರಿ ತಡೆಹಿಡಿದಿದ್ದರು. ಹೈಕೋರ್ಟು ನಡುವೆ ಬರಬೇಕಾಯಿತು. ಪೀಸುಗಳ ಎಣಿಕೆಯಲ್ಲಿ ಗಂಟೆಯ ವಿಳಂಬವನ್ನೂ ಸಹಿಸದ ಲೆಕ್ಕಪದ್ಧತಿಯು ಕೂಲಿಯ ಎಣಿಕೆಯಲ್ಲಿ ಇಷ್ಟು ಉದಾರವಾಗಿ ಕಾಯಬಲ್ಲುದು.

ಕನಿಷ್ಠ ವೇತನವನ್ನು ನಿಗದಿಮಾಡುವಾಗ ನಮ್ಮ ಕಾರ್ಮಿಕ ಇಲಾಖೆ ಅಕ್ಕಿ ಬೇಳೆಗಳ ಬೆಲೆಯನ್ನು ಕೇಳುತ್ತದೆ, ಮಾಲೀಕರ ಕಷ್ಟವನ್ನೂ ಕೇಳುತ್ತದೆ. ಇನ್ನು ಮುಂದೆ ಅದು ಒಂದೊಂದು ಕಾರ್ಖಾನೆಯ ಎಫಿಷಿಯೆನ್ಸಿ ಪುಸ್ತಕಗಳನ್ನೂ, ಯಂತ್ರ ನಿಂತ ನಿಮಿಷಗಳ ಮತ್ತು ಕೋಣೆಯ ಸೆಕೆಯ ಲೆಕ್ಕದೊಡನೆ, ತನ್ನ ಮುಂದೆ ತರಿಸಿಕೊಳ್ಳಬೇಕು. ಟಾರ್ಗೆಟ್ ಏರಿದ ವರ್ಷಗಳಲ್ಲಿ ಕೂಲಿ ಎಷ್ಟು ಏರಿತೆಂದು ಆ ಪುಸ್ತಕಗಳನ್ನು ಮುಂದಿಟ್ಟುಕೊಂಡೇ ಕೇಳಬೇಕು.