ಸಿಸ್ಟರ್ ಹೇಳುವುದನ್ನೂ ಸ್ವಲ್ಪ ಕೇಳೋಣ

ಕಳೆದ ಮಳೆಗಾಲದಲ್ಲಿ ನಮ್ಮ ಉಮ್ಮನನ್ನು ಮೂತ್ರದ ಸೋಂಕೆಂದು ಮಂಗಳೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಜ್ವರ, ಮೈಯೆಲ್ಲ ನಡುಕ. ಡಾಕ್ಟರ್ ಇಂಜೆಕ್ಷನ್ ಬರೆದು ಹೋಗಿದ್ದರು. ನರ್ಸ್ ಮಾತ್ರ ಮೊದಲು ರಕ್ತ ತೆಗೆದರು, ಮೂತ್ರ ಕೇಳಿದರು. "ಮೊದಲು ಮದ್ದು ಕೊಡಿ ಸಿಸ್ಟರ್, ಟೆಸ್ಟ್ ಆಮೇಲೆ ಮಾಡಬಹುದಲ್ವಾ?" ಎಂದು ನಾವು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆವು. ಆ ಹುಡುಗಿ ಸಿಟ್ಟಾಗಲಿಲ್ಲ. "ಆ್ಯಂಟಿಬಯೋಟಿಕ್ ಒಳಗೆ ಹೋದ ಮೇಲೆ ತೆಗೆದರೆ ಕಲ್ಚರಿನಲ್ಲಿ ರೋಗಾಣು ಸಿಗದೆ ಹೋಗಬಹುದು ಉಸ್ತಾದರೇ, ಐದು ನಿಮಿಷ ಸಾಕು" ಎಂದರು. ಮತ್ತೆ ಕೇಳಿದರು: "ಮನೆಯಲ್ಲಿ ಯಾವುದಾದರೂ ಮಾತ್ರೆ ಕೊಟ್ಟಿದ್ದೀರಾ? ಮೈಗೆ ಆಗದ ಮದ್ದು ಉಂಟಾ?"

ಕೊಟ್ಟಿದ್ದೆವು. ಗಲ್ಫಿನಿಂದ ಬಂದವರ ಬ್ಯಾಗಿನಲ್ಲಿ ಉಳಿದಿದ್ದ ಕ್ಯಾಪ್ಸೂಲ್, ಮೂರು ದಿನ. ಜ್ವರ ಇಳಿಯಿತೆಂದು ನಾವೇ ನಿಲ್ಲಿಸಿದ್ದು. ಕಲ್ಚರ್ ರಿಪೋರ್ಟ್ ಬಂದಾಗ ಆ ರೋಗಾಣುವಿಗೆ ಅದೇ ಮದ್ದು ನಾಟುವುದಿಲ್ಲವೆಂದು ಇತ್ತು. ಡಾಕ್ಟರ್ ರಿಪೋರ್ಟ್ ನೋಡಿ ಬೇರೆ ಮದ್ದು ಬರೆದರು.

ಆ್ಯಂಟಿಬಯೋಟಿಕ್ ಎಂದರೆ ಡಾಕ್ಟರ್ ಬರೆಯುವುದು, ನಾವು ಮೆಡಿಕಲ್‌ನಿಂದ ತರುವುದು, ಅಷ್ಟೇ ಎಂದು ನಮ್ಮ ಲೆಕ್ಕ. ನಡುವೆ ನಿಂತು ಕಾಯುವವರು ನರ್ಸ್. ಎಂಟು ಗಂಟೆಗೊಮ್ಮೆ ಎಂದಿದ್ದರೆ ನಡುರಾತ್ರಿಯಾದರೂ ಎಬ್ಬಿಸಿ ಕೊಡಬೇಕು. "ಪಾಪ, ನಿದ್ದೆ ಬಂದಿದೆ, ಬೆಳಿಗ್ಗೆ ಕೊಡಿ" ಎಂದು ತಡೆಯುವವರು ನಾವೇ. ರೋಗಿ ಗಂಜಿ ಕುಡಿಯಲು ಶುರು ಮಾಡಿದಾಗ ಇಂಜೆಕ್ಷನ್ ಬದಲು ಮಾತ್ರೆ ಸಾಕಾ ಎಂದು ಡಾಕ್ಟರಿಗೆ ನೆನಪಿಸುವವರು, ಮೂತ್ರದ ಟ್ಯೂಬ್ ಇನ್ನೂ ಬೇಕಾ ಎಂದು ಕೇಳುವವರು ಅವರು. ಟ್ಯೂಬ್ ಸುಮ್ಮನೆ ಉಳಿದಷ್ಟು ದಿನ ಹೊಸ ಸೋಂಕಿನ ಭಯ, ಅದಕ್ಕೆ ಮತ್ತೊಂದು ಆ್ಯಂಟಿಬಯೋಟಿಕ್. ನಮ್ಮವರದ್ದು ಬೇರೆಯೇ ದೂರು: "ಇಷ್ಟು ದುಡ್ಡು ತೆಗೆದುಕೊಂಡು ಗ್ಲೂಕೋಸ್ ಕೂಡ ಹಾಕಲಿಲ್ಲ!"

ರೋಗಿಯನ್ನು ನೋಡಲು ಹೋಗುವುದು ಸುನ್ನತ್, ಮದ್ರಸದಲ್ಲಿ ನಾವೇ ಕಲಿಸುತ್ತೇವೆ. ಆದರೆ ಒಂದು ಮಂಚದ ಸುತ್ತ ಹತ್ತು ಮಂದಿ. ಆಚೆ ಮಂಚದವರ ಕೈ ಹಿಡಿದು, ಅದೇ ಕೈಯಲ್ಲಿ ಈಚೆಯವರ ತಲೆ ಸವರುವುದು. ಕೈ ತೊಳೆದು ಬನ್ನಿ ಎಂದು ನರ್ಸ್ ಹೇಳಿದರೆ ಮುಖ ಗಂಟಿಕ್ಕುವುದು. ದಿನಕ್ಕೆ ಐದು ಹೊತ್ತು ವುಝೂ ಮಾಡುವವರು ಇದನ್ನು ಹೇಳಿಸಿಕೊಳ್ಳಬೇಕಾ?

ಮಗಳನ್ನು ನರ್ಸಿಂಗಿಗೆ ಕಳಿಸಲು ಹಿಂಜರಿಯುವ ಮನೆಗಳು ಈಗಲೂ ಉಂಟು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಮದೀನಾದ ಮಸೀದಿಯಲ್ಲಿ ರುಫೈದಾ(ರ) ಎಂಬ ಮಹಿಳೆಯ ಡೇರೆಯಲ್ಲೇ ಆರೈಕೆಗೆ ಇರಿಸಿದ್ದು. ಆ ಮನೆಯವರು ಇದನ್ನೊಮ್ಮೆ ಓದಲಿ.

ಡಿಸ್ಚಾರ್ಜಿನ ದಿನ ಆ ಸಿಸ್ಟರ್ ಮದ್ದಿನ ಕವರಿನ ಮೇಲೆ ಕೊನೆಯ ಮಾತ್ರೆಯ ತಾರೀಕು ದೊಡ್ಡದಾಗಿ ಬರೆದುಕೊಟ್ಟರು. ಎರಡೇ ದಿನದಲ್ಲಿ "ನನಗೆ ಹುಷಾರಾಯಿತು, ಇನ್ನು ಯಾಕೆ ಮಾತ್ರೆ?" ಎಂದರು ಉಮ್ಮ. ನಾವು ಕವರ್ ತೋರಿಸಿದೆವು.