ಹಿತ್ತಾಳೆಯ ಕೆಲಸಕ್ಕೆ ಉಕ್ಕು

ಕೊಡ, ತಂಬಿಗೆ, ದೀಪದ ಕಂಬಗಳಾಗಿ ಮನೆಮನೆಗೂ ಪರಿಚಿತವಾದ ಹಿತ್ತಾಳೆಯು ರಣರಂಗದಲ್ಲಿ ಬೇರೊಂದು ಬಗೆಯ ಸೇವೆಯನ್ನು ಸಲ್ಲಿಸುತ್ತದೆ. ಪಿಸ್ತೂಲಿನ ತೋಟಾಕ್ಕೆ ಸಾಮಾನ್ಯವಾಗಿ ಕವಚವಾಗುವುದು ಅದೇ ಲೋಹ. ಗುಂಡನ್ನೂ ಮದ್ದನ್ನೂ ಒಂದಾಗಿ ಹಿಡಿದಿಡುವುದು ಈ ಕವಚದ ಮೊದಲ ಕರ್ತವ್ಯ.

ಆದರೆ ಅದರ ಕೆಲಸ ಅಷ್ಟಕ್ಕೇ ಮುಗಿಯದು. ತೋಟಾ ಕುಳಿತಿರುವುದು ನಳಿಗೆಯ ಬುಡದ ಗೂಡಿನಲ್ಲಿ. ಮದ್ದು ಉರಿದೊಡನೆ ಕವಚವು ಉಬ್ಬಿ, ಆ ಗೂಡಿನ ಗೋಡೆಗೆ ಬಿಗಿಯಾಗಿ ಒತ್ತಿಕೊಂಡು, ಬಿಸಿ ಅನಿಲವು ಹಿಂದಕ್ಕೆ ನುಗ್ಗದಂತೆ ತಡೆಯಬೇಕು; ಮರುಕ್ಷಣವೇ ಕುಗ್ಗಿ, ಪಿಸ್ತೂಲಿನ ಕೊಕ್ಕೆಯ ಸೆಳೆತಕ್ಕೆ ಹೊರಬೀಳಬೇಕು. ಅದು ಒಳಗೇ ಸಿಕ್ಕಿಕೊಂಡಿತೆಂದರೆ ಮುಂದಿನ ತೋಟಾಕ್ಕೆ ಎಡೆಯಿಲ್ಲ; ಪ್ರಾಣರಕ್ಷಣೆಗೆಂದು ಹಿಡಿದ ಆಯುಧವು ಆ ಗಳಿಗೆಯಲ್ಲಿ ಬರಿಯ ಲೋಹದ ತುಂಡು. ಉಬ್ಬಿ ಕುಗ್ಗುವ ಗುಣ ಹಿತ್ತಾಳೆಗೆ ಸಹಜವಾದುದು. ಉಕ್ಕಿಗೆ ಅದು ಅಷ್ಟಾಗಿ ಇಲ್ಲ. ಮೇಲಾಗಿ ಉಕ್ಕಿಗೆ ತುಕ್ಕಿನ ಕಾಟ ಬೇರೆ.

ಆದರೂ ಎರಡನೆಯ ಮಹಾಯುದ್ಧವು ಉಕ್ಕನ್ನೇ ಕೈಬೀಸಿ ಕರೆಯಿತು. ತೋಟಾದ ಹಿತ್ತಾಳೆಯಲ್ಲಿ ನೂರಕ್ಕೆ ಸುಮಾರು 70 ಪಾಲು ತಾಮ್ರವೇ. ಅದರ ಅಭಾವ ಎಷ್ಟಿದ್ದಿತೆಂದರೆ, 1943ರಲ್ಲಿ ಅಮೆರಿಕವು ತನ್ನ ಒಂದು ಸೆಂಟಿನ ನಾಣ್ಯವನ್ನೂ ಸತುವು ಲೇಪಿಸಿದ ಉಕ್ಕಿನಲ್ಲಿ ಟಂಕಿಸಬೇಕಾಯಿತು. ಅಲ್ಲಿನ ಇವಾನ್ಸ್‌ವಿಲ್ ನಗರದಲ್ಲಿ ಕ್ರೈಸ್ಲರ್ ಮೋಟಾರು ಕಂಪನಿಯು ನಡೆಸಿದ ಕಾರ್ಖಾನೆಯು 0.45 ಅಂಗುಲದ ತೋಟಾಗಳನ್ನು ಮೊದಲು ಹಿತ್ತಾಳೆಯಲ್ಲಿಯೂ ಬಳಿಕ ಉಕ್ಕಿನಲ್ಲಿಯೂ ತಯಾರಿಸಿತು. ಯುದ್ಧಕಾಲದಲ್ಲಿ ಅಲ್ಲಿಂದ ಹೊರಬಂದ ತೋಟಾಗಳು 300 ಕೋಟಿಗೂ ಹೆಚ್ಚು. ಈ ತೋಟಾದೊಳಗಿನ ಒತ್ತಡ ಕಡಿಮೆಯಾದುದರಿಂದ ಉಕ್ಕಿನ ಹೊಣೆಯೂ ಹಗುರವಾಯಿತು. ಜರ್ಮನಿಯು ತನ್ನ 9 ಮಿಲಿಮೀಟರ್ ತೋಟಾಗಳ ಉಕ್ಕಿನ ಕವಚಕ್ಕೆ ಮೆರುಗೆಣ್ಣೆಯನ್ನು ಬಳಿದು ತುಕ್ಕನ್ನು ದೂರವಿರಿಸಿತು.

ಇಂದು ಉಕ್ಕಿನ ತೋಟಾ ಅಗ್ಗವೆಂಬ ಕಾರಣದಿಂದ ಪರದೇಶಗಳಲ್ಲಿ ಗುರಿಯ ಅಭ್ಯಾಸಕ್ಕೆ ಬಳಕೆಯಾಗುತ್ತದೆ. ಉಕ್ಕಿನ ಕವಚವು ನಳಿಗೆಯನ್ನು ಸವೆಸುವುದೆಂಬ ಶಂಕೆ ಹಲವರಿಗುಂಟು. ಕವಚವಾದರೋ ನಳಿಗೆಯೊಳಗೆ ಸರಿಯುವುದೇ ಇಲ್ಲ. ಅಲ್ಲಿ ಉಜ್ಜಿಕೊಂಡು ಸಾಗುವುದು ಗುಂಡು ಮಾತ್ರ. ಗುಂಡಿನ ತಾಮ್ರದ ಹೊದಿಕೆಯ ಅಡಿಯಲ್ಲಿ ಉಕ್ಕಿದ್ದರೆ ಸವೆತ ಹೆಚ್ಚೀತು. ಗಡಸು ಕವಚದ ಪೆಟ್ಟು ತಗಲುವುದು ಕೊಕ್ಕೆಗೆ. ಗೂಡಿನಲ್ಲಿ ಕೂರುವ ಮಸಿಯನ್ನು ಆಗಾಗ ಒರೆಸದಿದ್ದರೆ ತೊಂದರೆ ತಪ್ಪದು. ಹಿತ್ತಾಳೆಯ ಕವಚಕ್ಕೆ ಮತ್ತೆ ಮದ್ದು ತುಂಬಬಹುದು. ಉಕ್ಕಿನದು ಸಾಮಾನ್ಯವಾಗಿ ಒಂದೇ ಬಾರಿಗೆ.

ಲೋಹ ಯಾವುದಾದರೇನು, ಪರೀಕ್ಷೆ ಒಂದೇ: ಗುಂಡು ಹಾರಿದ ಮೇಲೆ ಕವಚವು ತಡೆಯಿಲ್ಲದೆ ಹೊರಬಿದ್ದಿತೇ? ಯೋಧನ ಜೀವ ನಿಂತಿದ್ದುದು ಆ ಉತ್ತರದ ಮೇಲೆಯೇ.