ಹಿಂದಿನ ಗಾಲಿಗೇಕೆ ಈ ಮಲತಾಯಿ ಧೋರಣೆ?

ನಮ್ಮವರಲ್ಲಿ ಅನೇಕ ಮನೆತನಗಳಿಗೆ ಜೇಜುರಿ ಪರ ಊರೇನಲ್ಲ. ಊರಿನಲ್ಲಿ ಮೈಲಾರಲಿಂಗನಿಗೆ ನಡೆದುಕೊಳ್ಳುತ್ತಿದ್ದವರಿಗೆ ಇಲ್ಲಿ ಅವನೇ ಖಂಡೋಬನಾಗಿ ಸಿಕ್ಕಿದ್ದಾನೆ. ಹೂವಿನಹಡಗಲಿಯ ಹತ್ತಿರದ ಮೈಲಾರದಲ್ಲಿ ‘ಏಳು ಕೋಟಿಗೋ’ ಎಂದು ಕೂಗಿದವರ ಮೊಮ್ಮಕ್ಕಳು ಇಲ್ಲಿ ‘ಯೆಳಕೋಟ’ ಎನ್ನುತ್ತ ಭಂಡಾರ ಎರಚುತ್ತಾರೆ. ಮೀರಜ್ ಮಾರ್ಗವಾಗಿ ಬೆಳಗಾವಿ, ಹುಬ್ಬಳ್ಳಿಗೆ ಹೋಗುವಾಗ ರೈಲಿನ ಕಿಟಕಿಯಿಂದಲೇ ಗುಡ್ಡದ ಕಡೆ ಕೈಮುಗಿಯುವ ಹಿರಿಯರು ನಮ್ಮಲ್ಲಿ ಈಗಲೂ ಇದ್ದಾರೆ.

ಈಚಿನ ವರ್ಷಗಳಲ್ಲಿ ನಮಗೂ ಜೇಜುರಿಗೂ ಇನ್ನೊಂದು ನಂಟು ಬೆಳೆದಿದೆ. ನಮ್ಮ ಹುಡುಗ ಹುಡುಗಿಯರು ರಜೆಯ ದಿನ ನಸುಕಿನಲ್ಲೇ ಎದ್ದು, ಟೆಂಪೋದಲ್ಲಿ ಗುಡ್ಡದ ಸೈಕಲ್ಲುಗಳನ್ನು ಹೇರಿಕೊಂಡು, ದಿವೆ ಘಾಟಿ ಹತ್ತಿ, ಸಾಸವಡ ದಾಟಿ ಅಲ್ಲಿಗೆ ಹೋಗುತ್ತಾರೆ. ಕಡೇಪಠಾರದ ಆಚೀಚಿನ ದನಗಾಹಿಗಳ ದಾರಿಗಳಲ್ಲಿ, ನಾಝರೆ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಸೈಕಲ್ ಹೊಡೆದು, ಮಧ್ಯಾಹ್ನ ಭಕ್ತರಂತೆಯೇ ಕಾಲ್ನಡಿಗೆಯಲ್ಲಿ ಮೆಟ್ಟಿಲೇರಿ ದರ್ಶನ ಮಾಡಿ ಬರುತ್ತಾರೆ. ಪುಣೆಯನ್ನು ಸೈಕಲ್ಲುಗಳ ನಗರವೆಂದು ಕರೆಯುತ್ತಿದ್ದ ಕಾಲವನ್ನು ಕಂಡ ನಮ್ಮಂಥವರಿಗೆ ಇದಕ್ಕಿಂತ ಸಂತೋಷ ಬೇರೆಯಿಲ್ಲ. ನಾವೂ ಅವರ ಜೊತೆ ಹೋಗುತ್ತೇವೆ. ಏರಿನಲ್ಲಿ ಇಳಿದು ತಳ್ಳುತ್ತೇವೆ.

ಆದರೆ ಒಂದು ವಿಷಯದಲ್ಲಿ ನಮಗೂ ನಮ್ಮ ಸಂಘದ ಅನೇಕ ತಂದೆ ತಾಯಿಗಳಿಗೂ ಜಗಳವಿದೆ. ಅದು ಹಿಂದಿನ ಗಾಲಿಯ ಟೈರಿನ ವಿಷಯ. ನಗಬೇಡಿ. ಕಳೆದ ತಿಂಗಳ ಕೂಟದಲ್ಲಿ ನಾವು ಈ ಮಾತು ತೆಗೆದಾಗ ಹಿರಿಯರೊಬ್ಬರು ಕಾಫಿಯ ಲೋಟ ಕೆಳಗಿಟ್ಟು, “ಟೈರ್ ಅಂದ್ರ ಟೈರ್ ರೀ, ಅದರಾಗ ಏನ್ ಆರಿಸೂದೈತಿ?” ಎಂದರು. ಸುತ್ತ ಇದ್ದವರೆಲ್ಲ ನಕ್ಕರು. ಅವರೆಲ್ಲರಿಗೂ ಸೇರಿ ಈ ಉತ್ತರ.

ಹಿಂದಿನ ಗಾಲಿ ಮಾಡುವ ಕೆಲಸ ಎಷ್ಟು, ನೋಡಿ. ಸವಾರನ ಮತ್ತು ಸೈಕಲ್ಲಿನ ಭಾರದಲ್ಲಿ ಹೆಚ್ಚು ಕಡಿಮೆ ಐದರಲ್ಲಿ ಮೂರು ಪಾಲು ಅದರ ಮೇಲೆ; ಏರು ಬಂದರೆ ಇನ್ನೂ ಹೆಚ್ಚು. ಚೈನಿನ ಎಳೆತವೆಲ್ಲ ಅದಕ್ಕೆ. ಕಲ್ಲಿಗೆ ಮುಂದಿನ ಗಾಲಿ ತಾಗುವಾಗ ಸವಾರ ಕೈಯೆತ್ತಿ ಹಗುರ ಮಾಡಬಲ್ಲ. ಹಿಂದಿನದು ಅದೇ ಕಲ್ಲಿಗೆ ಪೂರ್ತಿ ಭಾರ ಹೊತ್ತು ಬಡಿಯುತ್ತದೆ. ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಪಕ್ಕಪಕ್ಕದಲ್ಲಿ ಎರಡು ತೂತು ಬೀಳುವುದು ಹೆಚ್ಚಾಗಿ ಇಲ್ಲಿಯೇ. ಸಾಲದ್ದಕ್ಕೆ, ಮುಂದಿನ ಬ್ರೇಕಿಗೆ ಹೆದರುವ ಮಕ್ಕಳು ಇಳಿಜಾರಿನಲ್ಲಿ ಹಿಂದಿನದನ್ನೇ ಗಟ್ಟಿಯಾಗಿ ಹಿಡಿದು ಗಾಲಿಯನ್ನು ಎಳೆದುಕೊಂಡೇ ಬರುತ್ತಾರೆ; ಟೈರು ಒಂದೇ ಕಡೆ ಬೋಳಾಗುತ್ತದೆ. ಈ ಸೈಕಲ್ಲಿನ ಹುಟ್ಟಿನಲ್ಲೇ ಈ ಕಥೆಯಿದೆ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯ ಗುಡ್ಡದಲ್ಲಿ ಹಳೆಯ ಸೈಕಲ್ಲುಗಳನ್ನು ಓಡಿಸಿ ಪಂದ್ಯ ಕಟ್ಟಿದವರ ಬ್ರೇಕು ಇದ್ದದ್ದು ಹಿಂದಿನ ಗಾಲಿಯ ಹಬ್ಬಿನೊಳಗೆ. ಒಂದು ಸಲ ಇಳಿದು ಬರುವಷ್ಟರಲ್ಲಿ ಗ್ರೀಸೆಲ್ಲ ಸುಟ್ಟುಹೋಗಿ ಮತ್ತೆ ತುಂಬಬೇಕಾಗುತ್ತಿತ್ತು; ಆದ್ದರಿಂದಲೇ ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂದು ಹೆಸರು ಬಂತು.

ಇಷ್ಟು ದುಡಿಯುವ ಗಾಲಿಗೆ ನಾವು ಹಾಕುವುದು ಏನು? ಸೈಕಲ್ ಕೊಂಡಾಗ ಬಂದದ್ದು, ದಾರ ಕಾಣುವವರೆಗೆ. ಆಮೇಲೆ ಅಂಗಡಿಯವನು ಮೇಲಿನ ಅಟ್ಟದಿಂದ ಇಳಿಸಿದ್ದು. ಸಾವಿರಾರು ರೂಪಾಯಿ ಕೊಟ್ಟು ಸೈಕಲ್ ತಂದ ಮನೆಯವರು ಟೈರಿನ ಮುಂದೆ ನಿಂತು ನೂರಿನ್ನೂರಕ್ಕೆ ಚೌಕಾಸಿ ಮಾಡುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆನೆ ಕೊಂಡು ಅಂಕುಶಕ್ಕೆ ಜಗಳವಾಡಿದ ಹಾಗೆ. ಒಳ್ಳೆಯ ಟೈರಿನ ಬೆಲೆ ನಾಲ್ಕು ಜನ ಹೋಟೆಲಿನಲ್ಲಿ ಒಂದು ರಾತ್ರಿ ಊಟ ಮಾಡಿದ ಬಿಲ್ಲಿನ ಆಸುಪಾಸಿನಲ್ಲಿರುತ್ತದೆ. ಹೋಟೆಲ್ ನಡೆಸುವವರೇ ನಮ್ಮಲ್ಲಿ ಬಹಳ ಮಂದಿ ಇರುವುದರಿಂದ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ದುಡ್ಡು ಬಿಚ್ಚುವವರದು ಬೇರೊಂದು ರೋಗ. ಹುಡುಗರು ಮೊಬೈಲಿನಲ್ಲಿ ವಿಲಾಯತಿಯ ಕಾಡುಗಳಲ್ಲಿ ಸೈಕಲ್ ಹಾರಿಸುವವರನ್ನು ನೋಡುತ್ತಾರೆ. ಅಲ್ಲಿ ಒದ್ದೆ ಮಣ್ಣು, ಪಾಚಿ, ಮರದ ಬೇರು. ಅಲ್ಲಿಯವರು ಉದ್ದುದ್ದ ಹಲ್ಲಿನ, ಹಲ್ಲುಗಳ ನಡುವೆ ಅಗಲವಾದ ಸಂದು ಇರುವ ಟೈರು ಹಾಕುತ್ತಾರೆ. ಕೆಸರು ಕಚ್ಚಿ, ಕೊಡವಿಕೊಂಡು ಹೋಗಲು ಅದು ಸರಿ. ನಮ್ಮ ಹುಡುಗ ಅಂಥದನ್ನೇ ಕೊಡಿಸೆಂದು ಹಟ ಹಿಡಿಯುತ್ತಾನೆ, ತಂದೆ ಕೊಡಿಸುತ್ತಾನೆ. ಜೇಜುರಿಯ ನೆಲ ಹೇಗಿದೆ ಎಂದು ಇಬ್ಬರೂ ಯೋಚಿಸುವುದಿಲ್ಲ. ವರ್ಷದ ಎಂಟು ತಿಂಗಳು ಅದು ಒಣ ನೆಲ: ಕೆಳಗೆ ಕಪ್ಪು ಬಂಡೆ, ಅದರ ಮೇಲೆ ಸಡಿಲವಾದ ಮುರುಮು, ಅದರ ಮೇಲೆ ಒಣಗಿದ ಹುಲ್ಲು. ಗಟ್ಟಿ ನೆಲದ ಮೇಲೆ ಆ ಉದ್ದ ಹಲ್ಲುಗಳು ಬಾಗುತ್ತವೆ, ಬೇಗ ಸವೆಯುತ್ತವೆ, ಡಾಮರು ರಸ್ತೆಯಲ್ಲಿ ಜೇನುಹುಳದಂತೆ ಗುಂಯ್‌ಗುಡುತ್ತವೆ. ಏರಿನಲ್ಲಿ ಸವಾರನ ಉಸಿರು ತಿನ್ನುತ್ತವೆ. ಅಂಗಡಿಯ ದೀಪದ ಕೆಳಗೆ ಮಾತ್ರ ಬಹಳ ಶೂರವಾಗಿ ಕಾಣುತ್ತವೆ!

ನಮ್ಮ ಪಕ್ಷ ಹೀಗಿದೆ. ಈ ನೆಲಕ್ಕೆ ಹಿಂದಿನ ಟೈರಿನ ನಡುಪಟ್ಟಿಯಲ್ಲಿ ಹಲ್ಲುಗಳು ಗಿಡ್ಡವಾಗಿ, ಒತ್ತೊತ್ತಾಗಿ ಇರಬೇಕು. ಅಂಚಿನ ಹಲ್ಲುಗಳು ಮಾತ್ರ ಎತ್ತರವಾಗಿ, ಗಟ್ಟಿಯಾಗಿ ಇರಬೇಕು. ನೇರ ಹೋಗುವಾಗ ನಡುಪಟ್ಟಿ ಹಗುರವಾಗಿ ಉರುಳುತ್ತದೆ, ತಿರುವಿನಲ್ಲಿ ವಾಲಿದಾಗ ಅಂಚು ಕಚ್ಚುತ್ತದೆ. ರಬ್ಬರು ಸ್ವಲ್ಪ ಬಿರುಸಾದುದೇ ಇರಲಿ. ಮೆತ್ತನೆಯದನ್ನು ಮುಂದಿನ ಗಾಲಿಗೆ ಇಟ್ಟುಕೊಳ್ಳಿ, ಅಲ್ಲಿ ಅದು ಬೇಕು. ಎಲ್ಲಕ್ಕಿಂತ ಮುಖ್ಯ ಟೈರಿನ ಪಕ್ಕೆ. ಬಂಡೆಯ ಏಣು ಕೊಯ್ಯುವುದು ಪಕ್ಕೆಯನ್ನೇ. ಅಂಗುಲಕ್ಕೆ 120 ನೂಲಿನ ಟೈರು ನಯ, ಮೆದು, ಹಗುರ. ಆದರೆ ಪಕ್ಕೆಗೆ ಬೇರೆ ಪದರ ಕೊಡದಿದ್ದರೆ ನಮ್ಮ ಕಲ್ಲಿಗೆ ಅದು ಪಂಚೆಯ ಬಟ್ಟೆ. 60 ನೂಲಿನದು, ಪಕ್ಕೆಗೆ ಪದರ ಕೊಟ್ಟದ್ದು, ಇನ್ನೂರು ಗ್ರಾಂ ಹೆಚ್ಚು ತೂಗಿದರೂ ತೂಗಲಿ. ಆ ಇನ್ನೂರು ಗ್ರಾಮಿಗೆ ಗೊಣಗುವ ಮಹನೀಯರು ತಮ್ಮ ಸೊಂಟದ ಕಡೆ ಒಮ್ಮೆ ನೋಡಿಕೊಳ್ಳಬಹುದು, ನಾವು ನೋಡಿಕೊಂಡಿದ್ದೇವೆ.

ಮಳೆಗಾಲಕ್ಕೆ ಇದೇ ಟೈರು ಸಾಕೇ ಎಂದು ಕೇಳುವವರುಂಟು. ಎರೆಮಣ್ಣಿನ ಹೊಲದಂಚಿನಲ್ಲಿ ಸಾಲದು, ಒಪ್ಪುತ್ತೇವೆ. ಆಗ ಯಾವ ಟೈರೂ ಸಾಲದು. ಮಣ್ಣು ಗಾಲಿಗೂ ಚೌಕಟ್ಟಿಗೂ ನಡುವೆ ಮೆತ್ತಿಕೊಂಡು ಸೈಕಲ್ಲನ್ನೇ ಹೊತ್ತು ಬರಬೇಕಾಗುತ್ತದೆ.

ಇನ್ನು ಅಳತೆ. ನಮ್ಮ ತಂದೆಯವರ ಸೈಕಲ್ಲಿನ ಟೈರಿಗೆ ‘28’ ಎನ್ನುತ್ತಿದ್ದರು. ಮಗನ ಸೈಕಲ್ಲಿನದಕ್ಕೆ ‘29’ ಎನ್ನುತ್ತಾರೆ. 29 ದೊಡ್ಡದೆಂದು ತಿಳಿದರೆ ಕೆಟ್ಟೆವು! ಆ ಹಳೆಯ 28ರ ರಿಮ್ಮಿನ ಅಳತೆ 635 ಮಿಲಿಮೀಟರು, ಈ 29ರದು 622. ಹೆಸರಿನಲ್ಲಿ ದೊಡ್ಡದು, ರಿಮ್ಮಿನಲ್ಲಿ ಚಿಕ್ಕದು. 27.5ರದು 584, 26ರದು 559. ಆದ್ದರಿಂದ ಹಳೆಯ ಟೈರಿನ ಪಕ್ಕೆಯ ಮೇಲೆ 57-622 ಎಂದೋ 57-584 ಎಂದೋ ಅಚ್ಚಾಗಿರುವುದನ್ನು ಬರೆದುಕೊಂಡು ಹೋಗಿ. ಮೊದಲಿನದು ಅಗಲ, ಎರಡನೆಯದು ರಿಮ್ಮು. ಹೆಚ್ಚು ಅಗಲದ್ದು ಬೇಕೆನಿಸಿದರೆ ಚೌಕಟ್ಟಿನ ಹಿಂದಿನ ಕವಲಿನಲ್ಲಿ ಎರಡೂ ಬದಿಗೆ ಬೆರಳು ತೂರುವಷ್ಟು ಜಾಗ ಉಳಿಯುತ್ತದೆಯೇ ಎಂದು ಮೊದಲೇ ನೋಡಿ.

ಈಗ ಹೇಳಲೇಬೇಕಾದ, ಹೇಳಲು ನಾಚಿಕೆಯಾಗುವ ಮಾತಿಗೆ ಬರುತ್ತೇವೆ.

ನಮ್ಮ ಗುಂಪಿನಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ಅವಳ ಸೈಕಲ್ಲಿನ ಎರಡೂ ಟೈರು ಹಳೆಯವು, ಹಿಂದಿನದಂತೂ ಬೋಳು. ಮನೆಯವರು ಒಂದೇ ಹೊಸ ಟೈರಿಗೆ ಹಣ ಕೊಟ್ಟರು. ಯಾವ ಗಾಲಿಗೆ ಹಾಕಲಿ ಎಂದು ಅವಳು ಕೇಳಿದಳು. ಹಿಂದಿನದಕ್ಕೆ ಹೊಸದು, ಹಿಂದಿನ ಹಳೆಯದು ಮುಂದಕ್ಕೆ, ಮುಂದಿನ ಹಳೆಯದು ಮನೆಯಲ್ಲಿ ಇರಲಿ ಎಂದು ಹೇಳಿದರು ಒಬ್ಬರು. ಕಾರಿನ ಗ್ಯಾರೇಜಿನಲ್ಲಿ ಒಳ್ಳೆಯ ಟೈರು ಹಿಂದಕ್ಕೆ ಎನ್ನುವುದನ್ನು ಕೇಳಿ, ಅದನ್ನೇ ಸೈಕಲ್ಲಿಗೂ ಅನ್ವಯಿಸಿದ ಆ ಪಂಡಿತರು ಬೇರೆ ಯಾರೂ ಅಲ್ಲ, ನಾವೇ.

ಡಿಸೆಂಬರಿನ ಕೊನೆಯ ಭಾನುವಾರ, ಕಡೇಪಠಾರದ ಕಡೆಯಿಂದ ಇಳಿಯುವ ದಾರಿ. ತಿರುವಿನಲ್ಲಿ ಮುರುಮು. ಕಾರಿನ ಹಿಂದಿನ ಗಾಲಿ ಜಾರಿದರೆ ಕಾರು ಗಿರ್ರನೆ ತಿರುಗುತ್ತದೆ. ಅದಕ್ಕೇ ಅಲ್ಲಿ ಆ ನಿಯಮ. ಸೈಕಲ್ಲಿನ ಹಿಂದಿನ ಗಾಲಿ ಜಾರಿದರೆ ಬಾಲ ಒಂದಿಷ್ಟು ಆಚೀಚೆ ಆಡುತ್ತದೆ, ಸವಾರ ಕಾಲು ಊರಿ ಉಳಿಯಬಹುದು. ಮುಂದಿನದು ಜಾರಿದರೆ ಉಳಿಯಲು ಸಮಯವೇ ಇಲ್ಲ. ಅವಳ ಮುಂದಿನ ಗಾಲಿಯಲ್ಲಿ ಇದ್ದದ್ದು ನಾವು ಹಾಕಿಸಿದ ಬೋಳು ಟೈರು. ಬಿದ್ದಳು; ಬಲಗೈ ಊರಿಕೊಂಡು ಬಿದ್ದಳು. ಊರಿನ ಡಾಕ್ಟರರು ಪಟ್ಟಿ ಕಟ್ಟಿ ಪುಣೆಗೆ ಕಳಿಸಿದರು. ಮಣಿಕಟ್ಟಿನ ಎಲುಬು ಮುರಿದಿತ್ತು. ಆರು ವಾರ ಪ್ಲಾಸ್ಟರು. ಶಾಲೆಯ ಪ್ರಿಲಿಮ್ ಪರೀಕ್ಷೆ ತಪ್ಪಿತು. ಮಾರ್ಚಿನ ಬೋರ್ಡ್ ಪರೀಕ್ಷೆಗೆ ಬರೆಯುವ ಅಭ್ಯಾಸವನ್ನು ಅ ಆ ಇ ಈ ತಿದ್ದುವ ಮಗುವಿನಂತೆ ಮತ್ತೆ ಮಾಡಬೇಕಾಯಿತು. ನೋಡಲು ಹೋದಾಗ ಅವಳ ತಾಯಿ ಒಂದು ಮಾತೂ ಆಡಲಿಲ್ಲ. ಚಹ ಕೊಟ್ಟು, “ತೊಗೊಳ್ರಿ ಕಾಕಾ” ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಹಿಂದಿನ ಗಾಲಿಯ ಬಗ್ಗೆ ಬರೆಯಲು ಹೊರಟು ಮುಂದಿನದರ ಕಥೆ ಹೇಳಿದ್ದೇಕೆ ಎನ್ನುತ್ತೀರಾ? ಎರಡೂ ಒಂದೇ ಕಥೆ. ಹಿಂದಿನ ಟೈರನ್ನು ಸಕಾಲದಲ್ಲಿ, ಅದರದೇ ಕೆಲಸ ನೋಡಿ ಕೊಂಡಿದ್ದರೆ ಅದರ ಕಸ ಮುಂದಿನ ಗಾಲಿಗೆ ಹೋಗುತ್ತಿರಲಿಲ್ಲ. ಹಿಂದಿನದು ಬೇಗ ಸವೆಯುತ್ತದೆ, ಸವೆಯಲಿ. ಸವೆದರೆ ಎಸೆಯಿರಿ. ಉಳಿತಾಯ ಮಾಡಲೇಬೇಕೆಂದಿದ್ದರೆ ಮುಂದಿನ ಅರೆಹಳೆಯದನ್ನು ಹಿಂದಕ್ಕೆ ತಂದು ಹೊಸದನ್ನು ಮುಂದಕ್ಕೆ ಹಾಕಿ. ಹಿಂದಿನದು ಮುಂದಕ್ಕೆ ಎಂದೂ ಬೇಡ.

ಮುಳ್ಳಿನ ವಿಷಯ ಹೇಳದೆ ಜೇಜುರಿಯ ಮಾತು ಮುಗಿಯುವುದಿಲ್ಲ. ಅದೇ ಭಾನುವಾರ ಬೆಳಿಗ್ಗೆ ಒಂಬತ್ತು ಸೈಕಲ್ಲುಗಳಲ್ಲಿ ಆರು ಪಂಚರ್. ಐದು ಹಿಂದಿನ ಗಾಲಿಯವು. ಐದಕ್ಕೂ ಕಾರಣ ನಾವು ಬಳ್ಳಾರಿ ಜಾಲಿ ಎನ್ನುವ, ಇಲ್ಲಿಯವರು ವೇಡಿ ಬಾಭಳ ಎನ್ನುವ ಆ ಗಿಡ. ಅಮೆರಿಕ ಖಂಡದಿಂದ 19ನೆಯ ಶತಮಾನದಲ್ಲಿ ಈ ದೇಶಕ್ಕೆ ತಂದದ್ದು. ಬಳ್ಳಾರಿಯ ಹೆಸರು ಹೊತ್ತದ್ದು ನಮ್ಮ ಭಾಷೆಯಲ್ಲಿ. ಪಂಚರ್ ಹಚ್ಚುತ್ತ ಕುಳಿತ ಹುಡುಗನೊಬ್ಬ, “ಊರಿನಿಂದ ನಮ್ಮನ್ನು ಹುಡುಕಿಕೊಂಡು ಬಂದಿದೆ ಅಂಕಲ್” ಎಂದ. ಮುಳ್ಳು ಕಿತ್ತೆವೆಂದು ಟ್ಯೂಬು ಬದಲಿಸಿ ಹತ್ತು ಮಾರು ಹೋಗುವಷ್ಟರಲ್ಲಿ ಮತ್ತೆ ಗಾಳಿ ಇಳಿಯುತ್ತದೆ, ಏಕೆಂದರೆ ಮುಳ್ಳಿನ ತುದಿ ಮುರಿದು ಟೈರಿನೊಳಗೇ ಉಳಿದಿರುತ್ತದೆ. ಟೈರಿನ ಒಳಮೈಯಲ್ಲಿ ಒಂದು ಹಳೆಯ ಬಟ್ಟೆಯನ್ನು ಸುತ್ತಲೂ ಎಳೆಯಿರಿ. ತುದಿ ಇದ್ದಲ್ಲಿ ಬಟ್ಟೆ ತೊಡರುತ್ತದೆ. ಬೆರಳಿನಿಂದ ಹುಡುಕುವ ಧೈರ್ಯ ಮಾಡಬೇಡಿ.

ಟ್ಯೂಬೇ ಇಲ್ಲದ ಟೈರು, ಒಳಗೆ ಹಾಲಿನಂಥ ದ್ರವ, ಮುಳ್ಳು ಚುಚ್ಚಿದ ತೂತು ತಾನೇ ಮುಚ್ಚುತ್ತದೆ ಎನ್ನುವವರ ವಾದವನ್ನು ನಾವು ಮೊದಲು ಹಗುರವಾಗಿ ಕಂಡೆವು. ಈಗ ಒಪ್ಪಿದ್ದೇವೆ, ಹಿಂದಿನ ಗಾಲಿಗಾದರೂ ಅದು ಒಳ್ಳೆಯದು. ಆದರೆ ಟೈರೂ ರಿಮ್ಮೂ ಎರಡೂ ಅದಕ್ಕೆಂದೇ ಮಾಡಿದವಾಗಿರಬೇಕು. ನಮ್ಮ ಬೇಸಿಗೆಯಲ್ಲಿ ಆ ಹಾಲು ಕೆಲವೇ ತಿಂಗಳಲ್ಲಿ ಒಣಗುತ್ತದೆ, ಮತ್ತೆ ಹಾಕಬೇಕು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಮಾತ್ರ ಸೈಕಲ್ ಒರೆಸುವ ಮನೆಗಳಿಗೆ ಟ್ಯೂಬೇ ವಾಸಿ.

ಗಾಳಿಯ ಬಗ್ಗೆ ಒಂದೇ ಮಾತು. ಟೈರಿನ ಮೇಲೆ 65 ಎಂದು ಅಚ್ಚಾಗಿದ್ದರೆ ಅದು ಮೀರಬಾರದ ಗಡಿ. ಅಷ್ಟು ತುಂಬಿಸಿ ಎಂಬ ಅಪ್ಪಣೆ ಅಲ್ಲ. ರಸ್ತೆ ಬದಿಯ ಅಂಗಡಿಯವನು ಕಲ್ಲಿನಂತೆ ತುಂಬಿಸಿ ಕೊಡುತ್ತಾನೆ, ನಾವು ಹೆಬ್ಬೆರಳಿನಿಂದ ಒತ್ತಿ ತೃಪ್ತರಾಗುತ್ತೇವೆ. 57ರ ಅಗಲದ, ಟ್ಯೂಬಿರುವ ಟೈರಿಗೆ, ಎಪ್ಪತ್ತು ಕಿಲೋ ತೂಗುವ ಸವಾರನಿಗೆ ಆ ಮುರುಮಿನಲ್ಲಿ ಹಿಂದೆ 35ರ ಸುತ್ತ, ಮುಂದೆ ಅದಕ್ಕಿಂತ ನಾಲ್ಕೈದು ಕಡಿಮೆ ಸಾಕೆಂಬುದು ನಮ್ಮ ಅನುಭವ. ಇಪ್ಪತ್ತಕ್ಕೆ ಇಳಿಸಿದರೆ ಮತ್ತೆ ಆ ಹಾವಿನ ಕಡಿತ.

ಏಪ್ರಿಲಿನಲ್ಲಿ ಆ ಹುಡುಗಿಯ ಜೊತೆ ಟೈರಿನ ಅಂಗಡಿಗೆ ನಾವೂ ಹೋಗಿದ್ದೆವು, ಬಾಯಿ ಮುಚ್ಚಿಕೊಂಡಿರುತ್ತೇವೆಂಬ ಕರಾರಿನ ಮೇಲೆ. ಅಂಗಡಿಯವನು ಎಂದಿನಂತೆ ಉದ್ದ ಹಲ್ಲಿನದನ್ನು ಇಳಿಸಿದ. ಅವಳು ಎಡಗೈಯಿಂದ ಅದರ ಪಕ್ಕೆಯನ್ನು ಹಿಚುಕಿ ನೋಡಿ ಪಕ್ಕಕ್ಕಿಟ್ಟಳು. ಇನ್ನೊಂದು, ಅದನ್ನೂ ಇಟ್ಟಳು. ಮೂರನೆಯದರ ಅಚ್ಚನ್ನು ಓದಿ, ಚೀಟಿಯ ಜೊತೆ ತಾಳೆ ನೋಡಿ, “ಇದು ಹಿಂದಕ್ಕೆ. ಮುಂದಕ್ಕೆ ಬೇರೆ ತೋರಿಸಿ” ಎಂದಳು. ಅಂಗಡಿಯವನು ನಮ್ಮ ಮುಖ ನೋಡಿದ. ನಾವು ಬೀದಿಯ ಕಡೆ ನೋಡಿದೆವು.